ಅಳಿಸಲು ಒಪ್ಪದ ಫೈಲ್: ಬಲವಂತಕ್ಕೆ ಮುನ್ನ ಕಾರಣ ತಿಳಿದುಕೊಳ್ಳಿ

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಡಿಟಿಪಿ ಹಾಗೂ ಲಗ್ನಪತ್ರಿಕೆ ಮುದ್ರಣದ ಅಂಗಡಿ ನಡೆಸುತ್ತಿದ್ದೇನೆ. ಹಳೆಯ ಕಂಪ್ಯೂಟರ್ ಕೆಟ್ಟ ಮೇಲೆ ಅದರ ಹಾರ್ಡ್‌ಡಿಸ್ಕನ್ನು ತೆಗೆದು, ವಿಂಡೋಸ್ 11 ಇರುವ ಹೊಸ ಕಂಪ್ಯೂಟರಿಗೆ ಎರಡನೆಯ ಡಿಸ್ಕಾಗಿ ಜೋಡಿಸಿಕೊಂಡಿದ್ದೇನೆ. ಜಾಗ ಖಾಲಿ ಮಾಡಲು ಹೊರಟರೆ ಮೂರು ವಸ್ತುಗಳು ಏನು ಮಾಡಿದರೂ ಅಳಿಯುತ್ತಿಲ್ಲ. ಮೊದಲನೆಯದು ಅರ್ಧಕ್ಕೆ ನಕಲಾಗಿ ನಿಂತುಹೋದ ಮದುವೆಯ ವೀಡಿಯೊ. ಅಳಿಸಲು ಹೋದರೆ, ಫೈಲ್ ಬೇರೊಂದು ಪ್ರೋಗ್ರಾಮಿನಲ್ಲಿ ತೆರೆದಿದೆ ಎನ್ನುತ್ತದೆ. ನಾನು ಏನನ್ನೂ ತೆರೆದಿಲ್ಲ. ಎರಡನೆಯದು ಹಳೆಯ ಕಂಪ್ಯೂಟರಿನಲ್ಲಿದ್ದ ನನ್ನದೇ ಫೋಲ್ಡರ್. ಎಸ್-1-5-21 ಎಂದು ಆರಂಭವಾಗುವ ಉದ್ದನೆಯ ಸಂಖ್ಯೆಯೊಂದರಿಂದ ಅನುಮತಿ ಪಡೆಯಿರಿ ಎನ್ನುತ್ತದೆ. ಮೂರನೆಯದು, ಹಳೆಯ ಕಂಪ್ಯೂಟರಿನ ವಿಂಡೋಸ್ ಕೆಟ್ಟಿದ್ದಾಗ ಮ್ಯಾಕ್ ಬಳಸುವ ಗ್ರಾಹಕರೊಬ್ಬರ ಪೆನ್‌ಡ್ರೈವಿನಿಂದ ಲಿನಕ್ಸ್ ಮೂಲಕ ನಕಲಿಸಿಕೊಂಡಿದ್ದ ಕನ್ನಡ ಹೆಸರಿನ ಫೋಲ್ಡರ್. ಕಣ್ಣೆದುರಿಗೇ ಇದ್ದರೂ ಈ ವಸ್ತು ಇಲ್ಲಿ ಸಿಗುತ್ತಿಲ್ಲ ಎನ್ನುತ್ತದೆ. ಪರಿಚಯದವರೊಬ್ಬರು ಇದು ವೈರಸ್, ಡಿಸ್ಕನ್ನು ಫಾರ್ಮ್ಯಾಟ್ ಮಾಡಿಬಿಡಿ ಎಂದರು. ಇನ್ನೊಬ್ಬರು ಎಂಥ ಫೈಲನ್ನಾದರೂ ಬಲವಂತವಾಗಿ ಅಳಿಸುವ ಸಾಫ್ಟ್‌ವೇರ್ ಇದೆ, ಹಾಕಿಕೊಳ್ಳಿ ಎಂದರು. ಅದೇ ಡಿಸ್ಕಿನಲ್ಲಿ ಗ್ರಾಹಕರ ಹಲವು ವರ್ಷಗಳ ಕೆಲಸವಿದೆ. ಏನು ಮಾಡಲಿ?

ಉತ್ತರ: ಗ್ರಾಹಕರ ಕೆಲಸವಿರುವ ಡಿಸ್ಕಿನ ಬಗ್ಗೆ ಇಷ್ಟು ಎಚ್ಚರಿಕೆಯಿಂದ ಕೇಳಿದ್ದೀರಿ, ಮೂರೂ ಸಂದೇಶಗಳನ್ನು ಓದಿ ಬರೆದು ಕಳಿಸಿದ್ದೀರಿ. ಅದರಿಂದಾಗಿ ನನ್ನ ಕೆಲಸ ಅರ್ಧ ಹಗುರವಾಗಿದೆ. ಅಳಿಯದ ಫೈಲಿನ ತೊಂದರೆ ಹೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ‘ಏನೋ ಎರರ್ ಬರುತ್ತದೆ’ ಎಂದಷ್ಟೇ ಹೇಳುತ್ತಾರೆ. ಆದರೆ ರೋಗನಿರ್ಣಯವೆಲ್ಲ ಆ ಸಂದೇಶದಲ್ಲೇ ಇರುತ್ತದೆ. ನಿಮ್ಮ ಮೂರು ವಸ್ತುಗಳೂ ಹೊರನೋಟಕ್ಕೆ ಒಂದೇ ಬಗೆಯ ಹಟ ಹಿಡಿದಂತೆ ಕಂಡರೂ ಅವುಗಳ ಕಾರಣಗಳು ಪರಸ್ಪರ ಸಂಬಂಧವೇ ಇಲ್ಲದ ಮೂರು ಸಂಗತಿಗಳು. ಒಂದಕ್ಕೆ ಹೊಂದುವ ಪರಿಹಾರ ಇನ್ನೊಂದಕ್ಕೆ ಉಪಯೋಗಕ್ಕೆ ಬಾರದು.

ಮೊದಲು ನಿಮ್ಮನ್ನು ಕಾಡುತ್ತಿರುವ ಆತಂಕದ ವಿಚಾರ. ಫೈಲ್ ಅಳಿಯುತ್ತಿಲ್ಲ ಎಂಬುದಷ್ಟೇ ವೈರಸ್ ಇರುವುದಕ್ಕೆ ಸಾಕ್ಷಿಯಲ್ಲ. ದುರುದ್ದೇಶದ ಪ್ರೋಗ್ರಾಮುಗಳಲ್ಲಿ ಕೆಲವು ತಮ್ಮ ಫೈಲನ್ನು ಅಳಿಸಲು ಬಿಡುವುದಿಲ್ಲ ಎಂಬುದು ನಿಜ. ಆದರೆ ಅವುಗಳ ಲಕ್ಷಣವೇ ಬೇರೆ: ಅಳಿಸಿದ ಫೈಲ್ ಕೆಲವೇ ಕ್ಷಣಗಳಲ್ಲಿ ಅಥವಾ ಕಂಪ್ಯೂಟರನ್ನು ಮತ್ತೆ ಆರಂಭಿಸಿದ ಕೂಡಲೇ ಅದೇ ಜಾಗದಲ್ಲಿ ಪುನಃ ಹುಟ್ಟುತ್ತದೆ, ನೀವು ಹಾಕಿಕೊಳ್ಳದ ಪ್ರೋಗ್ರಾಮೊಂದು ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ, ಆ್ಯಂಟಿವೈರಸ್ ತಾನಾಗಿಯೇ ನಿಂತುಹೋಗಿರುತ್ತದೆ. ನೀವು ಹೇಳಿದ ಮೂರರಲ್ಲಿ ಇಂಥ ಯಾವ ಚಿಹ್ನೆಯೂ ಇಲ್ಲ. ಮನಸ್ಸಿನ ಸಮಾಧಾನಕ್ಕೆ ಪರೀಕ್ಷೆ ಬೇಕೆನಿಸಿದರೆ ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ನಡೆಸಿ. ಅದು ಕಂಪ್ಯೂಟರನ್ನು ಮತ್ತೆ ಆರಂಭಿಸಿ, ವಿಂಡೋಸ್ ಪೂರ್ತಿಯಾಗಿ ಏಳುವ ಮುನ್ನವೇ ಸುಮಾರು 15 ನಿಮಿಷ ಹುಡುಕಾಟ ನಡೆಸುತ್ತದೆ. ಆಗ ಬಚ್ಚಿಟ್ಟುಕೊಳ್ಳಲು ವೈರಸ್ಸಿಗೆ ಅವಕಾಶ ಕಡಿಮೆ.

ವೀಡಿಯೊ ಬಹಳ ದೊಡ್ಡದಾಗಿರುವುದರಿಂದ ಅಳಿಯುತ್ತಿಲ್ಲ ಎಂಬ ಮಾತನ್ನೂ ಅನೇಕರು ಹೇಳುತ್ತಾರೆ. ಫೈಲಿನ ಗಾತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಅಳಿಸುವುದೆಂದರೆ ಒಳಗಿನ ಮಾಹಿತಿಯನ್ನು ಒಂದೊಂದಾಗಿ ಉಜ್ಜಿ ತೆಗೆಯುವುದಲ್ಲ. ಡಿಸ್ಕಿನ ದಾಖಲೆ ಪಟ್ಟಿಯಲ್ಲಿ ಆ ಫೈಲಿನ ನಮೂದನ್ನು ತೆಗೆದು, ಅದು ಹಿಡಿದಿದ್ದ ಜಾಗ ಈಗ ಖಾಲಿ ಎಂದು ಗುರುತು ಹಾಕುವುದು ಮಾತ್ರ. ಹತ್ತು ಗಿಗಾಬೈಟಿನ ವೀಡಿಯೊ ಕೂಡ ಕ್ಷಣಮಾತ್ರದಲ್ಲಿ ಅಳಿಯುವುದು ಇದೇ ಕಾರಣಕ್ಕೆ. ಹೀಗಾಗಿ ಅಳಿಯುತ್ತಿಲ್ಲವೆಂದರೆ ಆ ನಮೂದನ್ನು ಮುಟ್ಟಲು ಯಾವುದೋ ಒಂದು ನಿಯಮ ಅಡ್ಡ ಬಂದಿದೆ ಎಂದು ಅರ್ಥ. ಆ ನಿಯಮ ಸಾಮಾನ್ಯವಾಗಿ ನಿಮ್ಮ ಮಾಹಿತಿಯನ್ನು ಕಾಯುವುದಕ್ಕಾಗಿಯೇ ಇರುವುದರಿಂದ, ಯಾವ ನಿಯಮವೆಂದು ತಿಳಿಯದೆ ಅದನ್ನು ಮುರಿಯಲು ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ವೀಡಿಯೊ ತೆಗೆದುಕೊಳ್ಳೋಣ. ವಿಂಡೋಸಿನಲ್ಲಿ ಒಂದು ಪ್ರೋಗ್ರಾಮ್ ಫೈಲನ್ನು ತೆರೆಯುವಾಗಲೇ, ತಾನು ಬಳಸುತ್ತಿರುವಷ್ಟು ಹೊತ್ತು ಬೇರೆಯವರು ಅದನ್ನು ಓದಬಹುದೇ, ತಿದ್ದಬಹುದೇ, ಅಳಿಸಬಹುದೇ ಎಂಬುದನ್ನು ತಿಳಿಸುತ್ತದೆ. ಅಳಿಸಲು ಒಪ್ಪಿಗೆ ಕೊಡದೆ ತೆರೆದಿದ್ದರೆ, ಆ ಪ್ರೋಗ್ರಾಮ್ ಹಿಡಿತ ಬಿಡುವವರೆಗೂ ಅಳಿಸುವ ಕೋರಿಕೆಯನ್ನು ವಿಂಡೋಸ್ ತಿರಸ್ಕರಿಸುತ್ತದೆ. ಲಿನಕ್ಸಿನ ಪದ್ಧತಿ ಹೀಗಿಲ್ಲ; ಅಲ್ಲಿ ತೆರೆದಿರುವ ಫೈಲಿನ ಹೆಸರನ್ನೂ ಅಳಿಸಬಹುದು, ಕೊನೆಯ ಬಳಕೆದಾರ ಅದನ್ನು ಮುಚ್ಚಿದಾಗ ಜಾಗ ತೆರವಾಗುತ್ತದೆ.

ನೀವು ಏನನ್ನೂ ತೆರೆದಿಲ್ಲ ಎನ್ನುತ್ತೀರಿ, ಅದನ್ನು ನಂಬುತ್ತೇನೆ. ನೀವು ತೆರೆಯದಿದ್ದರೂ ನಿಮ್ಮ ಪರವಾಗಿ ತೆರೆಯುವವರು ಹಲವರಿದ್ದಾರೆ. ಫೋಲ್ಡರ್ ತೋರಿಸುವ ಫೈಲ್ ಎಕ್ಸ್‌ಪ್ಲೋರರ್ ತಾನೇ ವೀಡಿಯೊದ ಪುಟ್ಟ ಚಿತ್ರ ತೋರಿಸಲೆಂದು, ಅದರ ಅವಧಿ ಎಷ್ಟೆಂದು ತಿಳಿಯಲೆಂದು ಫೈಲನ್ನು ತೆರೆಯುತ್ತದೆ. ಫೈಲ್ ಸರಿಯಿದ್ದರೆ ಬೇಗ ಮುಚ್ಚುತ್ತದೆ. ಆದರೆ ಅರ್ಧಕ್ಕೆ ನಿಂತ ನಕಲಿನಲ್ಲಿ ವೀಡಿಯೊದ ಒಳಸೂಚಿ ಇರಬೇಕಾದ ಭಾಗವೇ ಇಲ್ಲದಿರಬಹುದು. ಅದನ್ನು ಹುಡುಕುತ್ತಾ ಎಕ್ಸ್‌ಪ್ಲೋರರ್ ಫೈಲನ್ನು ಹಿಡಿದುಕೊಂಡೇ ಕುಳಿತುಬಿಡುತ್ತದೆ. ನೀವು ಆ ಫೈಲನ್ನು ಅಳಿಸಲೆಂದು ಕ್ಲಿಕ್ ಮಾಡಿದ್ದೇ ಅದು ಬಂಧಿಯಾಗಲು ಕಾರಣ ಎಂಬುದು ವಿಚಿತ್ರವಾಗಿ ಕಂಡರೂ ಸತ್ಯ, ಮತ್ತು ಅಪೂರ್ಣ ವೀಡಿಯೊಗಳ ವಿಷಯದಲ್ಲಿ ನಾನು ಮೊದಲು ಸಂದೇಹಿಸುವುದು ಇದನ್ನೇ.

ಪರಿಹಾರವೂ ಸುಲಭ. ಆ ಫೋಲ್ಡರಿನ ನೋಟವನ್ನು ದೊಡ್ಡ ಚಿತ್ರಗಳಿಂದ ಬರಿಯ ಪಟ್ಟಿಗೆ ಬದಲಾಯಿಸಿ, ಬಲಗಡೆಯ ಮುನ್ನೋಟದ ಫಲಕ ತೆರೆದಿದ್ದರೆ ಮುಚ್ಚಿ. ಬಳಿಕ ಟಾಸ್ಕ್ ಮ್ಯಾನೇಜರ್ ತೆರೆದು ವಿಂಡೋಸ್ ಎಕ್ಸ್‌ಪ್ಲೋರರ್ ಎಂಬ ಸಾಲಿನ ಮೇಲೆ ರೀಸ್ಟಾರ್ಟ್ ಒತ್ತಿ. ತೆರೆ ಒಂದು ಕ್ಷಣ ಬರಿದಾಗಿ ಮತ್ತೆ ಬರುತ್ತದೆ. ತೆರೆದಿರುವ ನಿಮ್ಮ ಬೇರೆ ಕೆಲಸಗಳಿಗೆ ಇದರಿಂದ ಧಕ್ಕೆಯಿಲ್ಲ. ಈಗ ಅಳಿಸಿ ನೋಡಿ. ಹೆಚ್ಚಿನಂಶ ಇಷ್ಟಕ್ಕೇ ಕೆಲಸ ಮುಗಿಯುತ್ತದೆ.

ಮುಗಿಯದಿದ್ದರೆ ಹಿಡಿದಿರುವವರು ಯಾರೆಂದು ಹೆಸರು ಹಿಡಿದೇ ಪತ್ತೆ ಮಾಡಬಹುದು. ವಿಂಡೋಸಿನಲ್ಲೇ ಇರುವ ರಿಸೋರ್ಸ್ ಮಾನಿಟರ್ ತೆರೆದು, ಸಿಪಿಯು ಪುಟದಲ್ಲಿ ಅಸೋಸಿಯೇಟೆಡ್ ಹ್ಯಾಂಡಲ್ಸ್ ಎಂಬ ಭಾಗದ ಹುಡುಕುಪೆಟ್ಟಿಗೆಯಲ್ಲಿ ಫೈಲಿನ ಹೆಸರಿನ ಒಂದು ತುಣುಕನ್ನು ಕೊಟ್ಟರೆ, ಅದನ್ನು ತೆರೆದಿಟ್ಟುಕೊಂಡಿರುವ ಪ್ರೋಗ್ರಾಮುಗಳ ಪಟ್ಟಿ ಬರುತ್ತದೆ. ಇನ್ನೂ ಅನುಕೂಲವಾದದ್ದು ಮೈಕ್ರೋಸಾಫ್ಟಿನ ಉಚಿತ ಪವರ್‌ಟಾಯ್ಸ್ ಕಟ್ಟಿನಲ್ಲಿರುವ, 2022ರಲ್ಲಿ ಸೇರಿಸಲಾದ ಫೈಲ್ ಲಾಕ್‌ಸ್ಮಿತ್. ಫೈಲಿನ ಮೇಲೆ ಬಲಗ್ಲಿಕ್ ಮಾಡಿ ಅದನ್ನು ಆರಿಸಿದರೆ ಹಿಡಿದಿರುವ ಪ್ರೋಗ್ರಾಮುಗಳು ಕಾಣುತ್ತವೆ, ಅಲ್ಲಿಂದಲೇ ಮುಚ್ಚಲೂ ಬಹುದು. ಆದರೆ ಮುಚ್ಚುವ ಮುನ್ನ ಹೆಸರು ಓದಿ. ಪಟ್ಟಿಯಲ್ಲಿ ನಿಮ್ಮ ಪುಟವಿನ್ಯಾಸದ ಸಾಫ್ಟ್‌ವೇರ್ ಇದ್ದು ಅದರಲ್ಲಿ ಉಳಿಸದ ಕೆಲಸವಿದ್ದರೆ, ಮೊದಲು ಅಲ್ಲಿ ಹೋಗಿ ಉಳಿಸಿ, ಸರಿಯಾದ ಕ್ರಮದಲ್ಲೇ ಮುಚ್ಚಿ. ಆ್ಯಂಟಿವೈರಸ್ ಅಥವಾ ಹುಡುಕಾಟದ ಸೂಚಿ ತಯಾರಿಸುವ ಸೇವೆ ಕಂಡರೆ ಏನನ್ನೂ ಮಾಡಬೇಡಿ, ಕೆಲವು ನಿಮಿಷ ಕಾದರೆ ಅವು ತಾವೇ ಬಿಡುತ್ತವೆ. ಫೋಲ್ಡರ್ ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವಿಗೆ ಜೋಡಣೆಯಾಗಿದ್ದರೆ ಆ ಜೋಡಣೆಯನ್ನು ಸ್ವಲ್ಪ ಹೊತ್ತು ತಡೆಹಿಡಿಯಿರಿ.

ಅಂಗಡಿಯೆಂದರೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕಂಪ್ಯೂಟರುಗಳು ಒಂದೇ ಫೋಲ್ಡರನ್ನು ಹಂಚಿಕೊಂಡಿರುತ್ತವೆ. ಆದ್ದರಿಂದ ಇನ್ನೊಂದು ಸಾಧ್ಯತೆಯನ್ನೂ ಹೇಳಬೇಕು. ಹಿಡಿದಿರುವುದು ‘ಸಿಸ್ಟಮ್’ ಎಂದು, ಅದರ ಸಂಖ್ಯೆ 4 ಎಂದು ತೋರಿಸಿದರೆ ಗಾಬರಿಯಾಗಬೇಡಿ. ಪಕ್ಕದ ಮೇಜಿನ ಕಂಪ್ಯೂಟರಿನಿಂದ ಯಾರೋ ಆ ಫೈಲನ್ನು ತೆರೆದಿರುವಾಗ ನಿಮ್ಮ ಕಂಪ್ಯೂಟರಿನಲ್ಲಿ ಅದು ಹೀಗೆಯೇ ಕಾಣುತ್ತದೆ. ಕಂಪ್ಯೂಟರ್ ಮ್ಯಾನೇಜ್‌ಮೆಂಟಿನಲ್ಲಿ ಶೇರ್ಡ್ ಫೋಲ್ಡರ್ಸ್, ಅದರೊಳಗೆ ಓಪನ್ ಫೈಲ್ಸ್ ತೆರೆದರೆ ಯಾರು ಯಾವುದನ್ನು ತೆರೆದಿದ್ದಾರೆಂದು ಗೊತ್ತಾಗುತ್ತದೆ. ಅಲ್ಲಿಂದಲೇ ಮುಚ್ಚಿಸುವ ಅವಕಾಶವಿದ್ದರೂ, ಎದ್ದುಹೋಗಿ ಅವರಿಗೆ ಹೇಳಿ ಮುಚ್ಚಿಸುವುದೇ ಮೇಲು, ಏಕೆಂದರೆ ದೂರದಿಂದ ಮುಚ್ಚಿಸಿದರೆ ಅವರ ಉಳಿಸದ ತಿದ್ದುಪಡಿ ಕಳೆದುಹೋಗುತ್ತದೆ.

ಪ್ರೋಗ್ರಾಮನ್ನು ಹಾಗೇ ಓಡಲು ಬಿಟ್ಟು, ಅದು ಫೈಲಿನ ಮೇಲೆ ಇಟ್ಟಿರುವ ಹಿಡಿತವನ್ನು ಮಾತ್ರ ಕತ್ತರಿಸುವ ಸಾಧನಗಳೂ ಇವೆ. ಮಾರ್ಕ್ ರುಸ್ಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಅವರ ಸಿಸ್‌ಇಂಟರ್ನಲ್ಸ್ ಬಳಗದಿಂದ ಬಂದ, 2006ರಲ್ಲಿ ಮೈಕ್ರೋಸಾಫ್ಟ್ ಸೇರಿದ ಪ್ರೊಸೆಸ್ ಎಕ್ಸ್‌ಪ್ಲೋರರ್ ಅಂಥದ್ದೊಂದು. ಸಾಧನ ಅತ್ಯುತ್ತಮ, ಹಿಡಿದಿರುವವರನ್ನು ಹುಡುಕಲು ಧಾರಾಳವಾಗಿ ಬಳಸಿ. ಹಿಡಿತ ಕತ್ತರಿಸುವುದಕ್ಕೆ ಮಾತ್ರ ಬಳಸಬೇಡಿ ಎನ್ನುತ್ತೇನೆ. ಹಿಡಿತ ತಪ್ಪಿದ್ದು ಆ ಪ್ರೋಗ್ರಾಮಿಗೆ ತಿಳಿಯುವುದೇ ಇಲ್ಲ. ಆ ಹಿಡಿತಕ್ಕೆ ವಿಂಡೋಸ್ ಕೊಟ್ಟಿದ್ದ ಗುರುತುಸಂಖ್ಯೆಯೇ ಮುಂದೆ ಬೇರೊಂದು ಫೈಲಿಗೆ ಸಿಕ್ಕಿದರೆ, ಹಳೆಯ ಫೈಲಿಗೆ ಬರೆಯುತ್ತಿದ್ದೇನೆಂದು ನಂಬಿ ಅದು ಹೊಸ ಫೈಲಿನೊಳಗೆ ಬರೆದುಬಿಡಬಹುದು. ಅಳಿಯದ ಒಂದು ವೀಡಿಯೊಗಾಗಿ ಒಳ್ಳೆಯ ಫೈಲೊಂದನ್ನು ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಕೆಲವೊಮ್ಮೆ ಫೈಲ್ ಕಣ್ಣಿಗೆ ಕಾಣುತ್ತಿರುತ್ತದೆ, ಆದರೆ ಅದರ ಮಾಲೀಕರು ಯಾರೆಂದು ತೋರಿಸಲೂ ವಿಂಡೋಸಿಗೆ ಆಗುವುದಿಲ್ಲ. ಅಳಿಸುವ ಆದೇಶ ಆಗಲೇ ಸ್ವೀಕೃತವಾಗಿ, ಕೊನೆಯ ಹಿಡಿತ ಬಿಡುವುದನ್ನೇ ಕಾಯುತ್ತಿರುವ ಸ್ಥಿತಿಯಲ್ಲಿ ಹೀಗಾಗುತ್ತದೆ. ಅಂಥಲ್ಲಿ ಅನುಮತಿಗಳನ್ನು ತಿದ್ದುತ್ತಾ ಕೂರುವುದು ವ್ಯರ್ಥ. ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಅದು ತಾನೇ ಮಾಯವಾಗುತ್ತದೆ. ಶಟ್‌ಡೌನ್ ಮಾಡಿ ಮತ್ತೆ ಹಚ್ಚುವುದನ್ನು ನಾನು ಹೇಳುತ್ತಿಲ್ಲ ಎಂಬುದನ್ನು ಗಮನಿಸಿ. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಬಂದಿದ್ದು, ಅದು ಚಾಲ್ತಿಯಲ್ಲಿದ್ದರೆ ಸಾಮಾನ್ಯ ಶಟ್‌ಡೌನಿನಲ್ಲಿ ವಿಂಡೋಸಿನ ತಿರುಳು ಪೂರ್ತಿ ಮುಚ್ಚಿಕೊಳ್ಳದೆ ಡಿಸ್ಕಿನಲ್ಲಿ ಉಳಿದು ಹಾಗೆಯೇ ಏಳುತ್ತದೆ. ರೀಸ್ಟಾರ್ಟ್ ಮಾತ್ರ ನಿಜವಾಗಿ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ.

ಎರಡನೆಯ ಸಮಸ್ಯೆಗೆ ಬರುತ್ತೇನೆ. ಫೋಲ್ಡರ್ ನಿಮ್ಮದೇ, ಹಳೆಯ ಕಂಪ್ಯೂಟರಿನಲ್ಲೂ ಇದೇ ಹೆಸರು, ಇದೇ ಪಾಸ್‌ವರ್ಡ್ ಇತ್ತು. ಆದರೂ ಅನುಮತಿ ಇಲ್ಲವೆಂದರೆ ಸಿಟ್ಟು ಬರುವುದು ಸಹಜ. ವಿಂಡೋಸಿನ ಎನ್‌ಟಿಎಫ್‌ಎಸ್ ಎಂಬ ದಾಖಲಾತಿ ಪದ್ಧತಿಯ ಡಿಸ್ಕುಗಳಲ್ಲಿ ಮಾಲೀಕರನ್ನು ಹೆಸರಿನಿಂದ ಬರೆದಿಡುವುದಿಲ್ಲ, ಗುರುತುಸಂಖ್ಯೆಯಿಂದ ಬರೆದಿಡುತ್ತಾರೆ. ಎಸ್-1-5-21 ಎಂದು ಆರಂಭವಾಗುವ ಸಾಲಿನ ನಡುವಿನ ಉದ್ದ ಸಂಖ್ಯೆಗಳು ಆ ಒಂದು ಕಂಪ್ಯೂಟರಿನಲ್ಲಿ ವಿಂಡೋಸ್ ಹಾಕಿದಾಗ ಹುಟ್ಟಿದಂಥವು. ಕೊನೆಯದು ಅದರಲ್ಲಿನ ಬಳಕೆದಾರರ ಸಂಖ್ಯೆ, ಜನರಿಗಾಗಿ ತೆರೆದ ಖಾತೆಗಳಿಗೆ ಅದು 1000ದಿಂದ ಮೇಲಿರುತ್ತದೆ. ಹೊಸ ಕಂಪ್ಯೂಟರಿನಲ್ಲಿ ಅದೇ ಹೆಸರಿನ ಖಾತೆ ತೆರೆದರೂ ಸಂಖ್ಯೆ ಬೇರೆಯೇ ಆಗುತ್ತದೆ. ಜಮೀನು ನಿಮ್ಮ ಸ್ವಾಧೀನದಲ್ಲಿದ್ದರೂ ಪಹಣಿಯಲ್ಲಿ ಹಳೆಯ ಹೆಸರೇ ಮುಂದುವರಿದಿರುವಂಥ ಪರಿಸ್ಥಿತಿ ಇದು. ಆ ಸಂಖ್ಯೆಯ ಬಳಕೆದಾರರು ಈ ಕಂಪ್ಯೂಟರಿನಲ್ಲಿ ಇಲ್ಲದಿರುವುದರಿಂದಲೇ ವಿಂಡೋಸ್ ಹೆಸರಿನ ಬದಲು ಸಂಖ್ಯೆಯನ್ನೇ ತೋರಿಸುತ್ತಿದೆ.

ಆದ್ದರಿಂದ ಮೊದಲು ಮಾಲೀಕತ್ವ ಬದಲಾಗಬೇಕು, ಆಮೇಲೆ ಅನುಮತಿ. ಅಡ್ಮಿನಿಸ್ಟ್ರೇಟರ್ ಅಧಿಕಾರವಿರುವ ಖಾತೆಯಿಂದ ಫೋಲ್ಡರಿನ ಪ್ರಾಪರ್ಟೀಸ್ ತೆರೆದು, ಸೆಕ್ಯೂರಿಟಿ ಪುಟದಲ್ಲಿ ಅಡ್ವಾನ್ಸ್ಡ್ ಒತ್ತಿ, ಓನರ್ ಎಂಬ ಸಾಲಿನ ಪಕ್ಕದ ಚೇಂಜ್ ಮೂಲಕ ನಿಮ್ಮ ಈಗಿನ ಖಾತೆಯ ಹೆಸರನ್ನು ಕೊಡಿ. ಒಳಗಿನ ಫೋಲ್ಡರುಗಳಿಗೂ ಫೈಲುಗಳಿಗೂ ಇದೇ ಮಾಲೀಕರು ಎಂಬ ಪೆಟ್ಟಿಗೆಗೆ ಗುರುತು ಹಾಕಲು ಮರೆಯಬೇಡಿ. ಒಪ್ಪಿಗೆ ಕೊಟ್ಟು ಕಿಟಕಿಗಳನ್ನೆಲ್ಲ ಮುಚ್ಚಿ, ಪುನಃ ಅದೇ ಜಾಗಕ್ಕೆ ಹೋಗಿ ನಿಮ್ಮ ಖಾತೆಗೆ ಫುಲ್ ಕಂಟ್ರೋಲ್ ಕೊಡಿ. ಮಾಲೀಕತ್ವ ಸಿಕ್ಕಿದ ಮಾತ್ರಕ್ಕೆ ಅಳಿಸುವ ಹಕ್ಕು ಸಿಗುವುದಿಲ್ಲ, ಹಕ್ಕು ಬರೆದುಕೊಳ್ಳುವ ಅಧಿಕಾರ ಮಾತ್ರ ಸಿಗುತ್ತದೆ. ಅನೇಕರು ಅರ್ಧದಾರಿಯಲ್ಲಿ ನಿಂತು ‘ಓನರ್ ಬದಲಾಯಿಸಿದರೂ ಆಗಲಿಲ್ಲ’ ಎನ್ನುವುದು ಈ ಎರಡನೆಯ ಹೆಜ್ಜೆಯನ್ನು ಬಿಟ್ಟಿದ್ದರಿಂದ. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟ್ ರೂಢಿಯಿದ್ದವರು ಇವೇ ಎರಡು ಕೆಲಸಗಳನ್ನು ಟೇಕ್‌ಓನ್ ಮತ್ತು ಐಕ್ಯಾಕಲ್ಸ್ ಎಂಬ ಆದೇಶಗಳಿಂದ ಮಾಡುತ್ತಾರೆ. ಸಾವಿರಾರು ಫೈಲುಗಳಿದ್ದರೆ ಅದೇ ವೇಗ.

ಇಲ್ಲಿ ಒಂದು ಗಟ್ಟಿ ಎಚ್ಚರಿಕೆ ಕೊಡಬೇಕು. ಮಾಲೀಕತ್ವವನ್ನು ಆ ಒಂದು ಫೋಲ್ಡರಿಗೆ ಮಾತ್ರ ಬದಲಾಯಿಸಿ, ಇಡೀ ಡ್ರೈವಿಗೆ ಅಲ್ಲ. ಅದರಲ್ಲೂ ವಿಂಡೋಸ್ ಇರುವ ಸಿ ಡ್ರೈವಿನ ಬುಡಕ್ಕೆ ಎಂದಿಗೂ ಬೇಡ. ವಿಸ್ಟಾ ಎಂಬ ಆವೃತ್ತಿಯ ಕಾಲದಿಂದ ವಿಂಡೋಸಿನ ಮುಖ್ಯ ಫೈಲುಗಳ ಮಾಲೀಕತ್ವ ಟ್ರಸ್ಟೆಡ್ ಇನ್‌ಸ್ಟಾಲರ್ ಎಂಬ ಒಳಸೇವೆಯದು. ಅಡ್ಮಿನಿಸ್ಟ್ರೇಟರ್ ಕೂಡ ಅವುಗಳನ್ನು ಕೈತಪ್ಪಿ ಅಳಿಸದಿರಲೆಂದೇ ಈ ಏರ್ಪಾಡು. ಅದನ್ನು ಒಟ್ಟಾಗಿ ಕಿತ್ತುಹಾಕಿದ ಕಂಪ್ಯೂಟರುಗಳು ನಿಧಾನವಾಗಿ ಹದಗೆಡುತ್ತವೆ: ಅಪ್‌ಡೇಟ್ ವಿಫಲವಾಗುತ್ತದೆ, ಸ್ಟಾರ್ಟ್ ಮೆನು ತೆರೆಯದಾಗುತ್ತದೆ, ಕಾರಣ ಹುಡುಕಿದರೆ ವಾರಗಳ ಹಿಂದೆ ಯಾರೋ ಮಾಡಿದ ಈ ಕೆಲಸಕ್ಕೆ ಹೋಗಿ ಮುಟ್ಟುತ್ತದೆ. ಅದನ್ನು ಮೊದಲಿನಂತೆ ಮಾಡುವುದು ಬಹಳ ಕಷ್ಟ. ನಿಮ್ಮ ಹಳೆಯ ಡಿಸ್ಕ್ ಈಗ ಎರಡನೆಯ ಡಿಸ್ಕಾಗಿರುವುದರಿಂದ ಅಪಾಯ ಕಡಿಮೆ, ಆದರೆ ಡ್ರೈವಿನ ಅಕ್ಷರವನ್ನು ಎರಡೆರಡು ಸಲ ನೋಡಿಕೊಂಡು ಮುಂದುವರಿಯಿರಿ.

ಮೂರನೆಯದು ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ ಸಮಸ್ಯೆ. ಕಣ್ಣೆದುರಿಗಿರುವ ಫೋಲ್ಡರ್ ಸಿಗುತ್ತಿಲ್ಲ ಎಂದು ವಿಂಡೋಸ್ ಹೇಳಿದರೆ, ಆ ಹೆಸರಿನ ಕೊನೆಯಲ್ಲಿ ಖಾಲಿ ಜಾಗವೋ ಒಂದು ಚುಕ್ಕಿಯೋ ಇದೆಯೆಂದು ಮೊದಲು ಊಹಿಸಬೇಕು. ಮ್ಯಾಕ್ ಮತ್ತು ಲಿನಕ್ಸಿನಲ್ಲಿ ಅಂಥ ಹೆಸರುಗಳಿಗೆ ಅಡ್ಡಿಯಿಲ್ಲ. ವಿಂಡೋಸಿನ ಸಾಮಾನ್ಯ ಪ್ರೋಗ್ರಾಮುಗಳು ಮಾತ್ರ ಹೆಸರಿನ ಕೊನೆಯ ಖಾಲಿ ಜಾಗವನ್ನೂ ಚುಕ್ಕಿಯನ್ನೂ ಕತ್ತರಿಸಿ, ಉಳಿದ ಹೆಸರಿಗಾಗಿ ಹುಡುಕುತ್ತವೆ. ಎನ್‌ಟಿಎಫ್‌ಎಸ್ ಡಿಸ್ಕಿಗೆ ಅಂಥ ಹೆಸರನ್ನು ಹಿಡಿದಿಡುವ ಶಕ್ತಿಯಿದೆ. ಲಿನಕ್ಸ್ ಮೂಲಕ ನಕಲಿಸಿದಾಗ ಗ್ರಾಹಕರು ಇಟ್ಟಿದ್ದ ಹೆಸರು ಇದ್ದ ಹಾಗೆಯೇ ಬಂದು ಕುಳಿತಿದೆ. ವಿಂಡೋಸ್ ಅದನ್ನು ಪಟ್ಟಿಯಲ್ಲಿ ತೋರಿಸಬಲ್ಲದು, ಆದರೆ ಕರೆದಾಗ ಖಾಲಿ ಜಾಗವಿಲ್ಲದ ಹೆಸರಿನಿಂದ ಕರೆಯುತ್ತದೆ, ಆ ಹೆಸರಿನವರು ಯಾರೂ ಅಲ್ಲಿಲ್ಲ. ವಿಂಡೋಸಿಗೂ ಹಿಂದಿನ ಡಾಸ್ ಕಾಲದಿಂದ ಸಾಧನಗಳಿಗೆ ಮೀಸಲಾದ ಕಾನ್, ಆಕ್ಸ್, ನಲ್, ಪಿಆರ್‌ಎನ್, ಕಾಮ್1, ಎಲ್‌ಪಿಟಿ1 ಮುಂತಾದ ಇಂಗ್ಲಿಷ್ ಹೆಸರುಗಳನ್ನು ಹೊತ್ತ ಫೈಲುಗಳೂ ಇದೇ ಬಗೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ.

ಈ ಕತ್ತರಿಸುವಿಕೆಯನ್ನು ತಪ್ಪಿಸುವ ದಾರಿಯೊಂದಿದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಪೂರ್ತಿ ವಿಳಾಸದ ಮುಂದೆ \\?\ ಎಂಬ ನಾಲ್ಕು ಚಿಹ್ನೆಗಳನ್ನು ಸೇರಿಸಿದರೆ, ಹೆಸರನ್ನು ತಿದ್ದದೆ ಇದ್ದಂತೆಯೇ ಡಿಸ್ಕಿಗೆ ಒಪ್ಪಿಸು ಎಂದು ಅರ್ಥ. ಫೋಲ್ಡರ್ ಅಳಿಸುವ ಆರ್‌ಡಿ ಆದೇಶಕ್ಕೆ ಒಳಗಿನದೆಲ್ಲವನ್ನೂ ಸೇರಿಸಿ ಎಂಬ ಎಸ್ ಗುರುತು (/s) ಕೊಟ್ಟು, ಉದ್ಧರಣ ಚಿಹ್ನೆಗಳ ನಡುವೆ ಈ ರೀತಿಯ ವಿಳಾಸವನ್ನು, ಕೊನೆಯ ಖಾಲಿ ಜಾಗದ ಸಮೇತ ಬರೆಯಬೇಕು. ಕೊನೆಯಲ್ಲಿ ಎಷ್ಟು ಖಾಲಿ ಜಾಗಗಳಿವೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಒಂದೆಂದುಕೊಂಡು ಪ್ರಯತ್ನಿಸಿ, ಆಗದಿದ್ದರೆ ಎರಡು. ಇನ್ನೊಂದು ಉಪಾಯ, ಡಿಐಆರ್ ಆದೇಶಕ್ಕೆ ಎಕ್ಸ್ ಗುರುತು (/x) ಕೊಟ್ಟು ಪಟ್ಟಿ ಪಡೆಯುವುದು. ಆಗ ಉದ್ದನೆಯ ಹೆಸರಿನ ಜೊತೆಗೆ ಹಳೆಯ ಕಾಲದ ಎಂಟು ಅಕ್ಷರಗಳ ಗಿಡ್ಡ ಹೆಸರೂ ಕೆಲವು ಡಿಸ್ಕುಗಳಲ್ಲಿ ಕಾಣುತ್ತದೆ. ಕಂಡರೆ ಆ ಗಿಡ್ಡ ಹೆಸರಿನಿಂದ ಅಳಿಸುವುದು ಎಲ್ಲಕ್ಕಿಂತ ಸುಲಭ. ಯಾವುದೂ ಕೂಡಿಬರದಿದ್ದರೆ ಫೋಲ್ಡರನ್ನು ಹುಟ್ಟಿಸಿದ ಲಿನಕ್ಸಿನಿಂದಲೇ ಅಳಿಸಬಹುದು, ಅದಕ್ಕೆ ಆ ಹೆಸರಿನಲ್ಲಿ ಏನೂ ದೋಷ ಕಾಣುವುದಿಲ್ಲ.

ಹೆಸರು ಕನ್ನಡದಲ್ಲಿರುವುದರಿಂದ ತೊಂದರೆಯೇ ಎಂದು ನಿಮಗೆ ಅನುಮಾನ ಬಂದಿರಬಹುದು. ಇಲ್ಲ, ಎನ್‌ಟಿಎಫ್‌ಎಸ್ ಹೆಸರುಗಳನ್ನು ಯೂನಿಕೋಡಿನಲ್ಲೇ ಇಡುತ್ತದೆ, ಕನ್ನಡಕ್ಕೂ ಇಂಗ್ಲಿಷಿಗೂ ಅದರ ಪಾಲಿಗೆ ಭೇದವಿಲ್ಲ. ದಯವಿಟ್ಟು ಈ ಒಂದು ತೊಂದರೆಗೆ ಹೆದರಿ ಕನ್ನಡದಲ್ಲಿ ಹೆಸರಿಡುವುದನ್ನು ಬಿಡಬೇಡಿ. ಆದರೆ ಕನ್ನಡದಲ್ಲಿ ಹೆಸರಿಡುವವರು ಎರಡು ಸಂಗತಿ ತಿಳಿದಿರಬೇಕು. ಒಂದು, ನಮ್ಮ ಬರವಣಿಗೆಯಲ್ಲಿ ಒತ್ತಕ್ಷರ ಬೇಡವಾದಾಗ ಬಳಸುವ ಕಾಣದ ವಿಭಜಕ ಚಿಹ್ನೆಯಿದೆಯಲ್ಲ, ಅದು ಹೆಸರಿನ ಭಾಗವಾಗಿಯೇ ಉಳಿಯುತ್ತದೆ. ನೋಡಲು ಒಂದೇ ಆಗಿರುವ ಎರಡು ಹೆಸರುಗಳಲ್ಲಿ ಒಂದರಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ. ಆದ್ದರಿಂದ ಆದೇಶ ಕೊಡುವಾಗ ಕನ್ನಡ ಹೆಸರನ್ನು ಕೈಯಿಂದ ಟೈಪ್ ಮಾಡಲು ಹೋಗಬೇಡಿ. ಎಕ್ಸ್‌ಪ್ಲೋರರಿನಲ್ಲಿ ಫೋಲ್ಡರಿನ ಮೇಲೆ ಬಲಗ್ಲಿಕ್ ಮಾಡಿ ಕಾಪಿ ಆ್ಯಸ್ ಪಾತ್ ಮೂಲಕ ವಿಳಾಸವನ್ನು ಎತ್ತಿಕೊಂಡು ಅಂಟಿಸಿ, ಬೇಕಾದ ಚಿಹ್ನೆಗಳನ್ನು ಮಾತ್ರ ಸೇರಿಸಿ. ಪ್ರಾಂಪ್ಟಿನಲ್ಲಿ ಕನ್ನಡ ಚೌಕಾಕಾರದ ಪೆಟ್ಟಿಗೆಗಳಾಗಿ ಕಾಣಬಹುದು. ಅದು ಅಕ್ಷರರೂಪದ ಕೊರತೆಯಷ್ಟೇ, ಆದೇಶ ಸರಿಯಾಗಿಯೇ ಹೋಗುತ್ತದೆ.

ಎರಡನೆಯದು ಉದ್ದದ ಲೆಕ್ಕ. ವಿಂಡೋಸಿನ ಬಹುತೇಕ ಪ್ರೋಗ್ರಾಮುಗಳು ಡ್ರೈವಿನಿಂದ ಹಿಡಿದು ಫೈಲಿನ ಹೆಸರಿನ ಕೊನೆಯವರೆಗಿನ ವಿಳಾಸಕ್ಕೆ 260 ಸ್ಥಾನಗಳ ಮಿತಿ ಇಟ್ಟುಕೊಂಡಿವೆ. ನಾವು ಒಂದು ಅಕ್ಷರವೆಂದು ಎಣಿಸುವುದನ್ನು ಕಂಪ್ಯೂಟರ್ ವ್ಯಂಜನ, ವಿರಾಮಚಿಹ್ನೆಯೆನ್ನುವ ಹಲಂತ, ಸ್ವರಚಿಹ್ನೆ ಎಂದು ಬಿಡಿಬಿಡಿಯಾಗಿ ಎಣಿಸುತ್ತದೆ. ‘ಲಗ್ನಪತ್ರಿಕೆ’ ನಮಗೆ ಐದು ಅಕ್ಷರ, ವಿಂಡೋಸಿಗೆ 11 ಸ್ಥಾನ. ಫೋಲ್ಡರಿನೊಳಗೆ ಫೋಲ್ಡರ್ ಇಟ್ಟು ಒಂದೊಂದಕ್ಕೂ ಮನೆತನ, ಊರು, ದಿನಾಂಕ ಸೇರಿಸಿ ಹೆಸರಿಡುವ ನಿಮ್ಮ ಕಸುಬಿನಲ್ಲಿ ಆ ಮಿತಿ ತಿಳಿಯದಂತೆ ದಾಟಿಹೋಗುತ್ತದೆ. ವಿಂಡೋಸ್ 10ರ 2016ರ ಆವೃತ್ತಿಯಿಂದ ಈ ಮಿತಿಯನ್ನು ಸಡಿಲಿಸುವ ಅವಕಾಶ ಬಂದಿದ್ದರೂ, ಪ್ರತಿ ಪ್ರೋಗ್ರಾಮೂ ತಾನು ಅದಕ್ಕೆ ಸಿದ್ಧವೆಂದು ಹೇಳಿಕೊಳ್ಳಬೇಕು. ಮಿತಿ ದಾಟಿದ್ದರಿಂದ ಅಳಿಯದ ಫೈಲಿಗೆ ಮದ್ದು ಸರಳ: ಮೇಲಿನ ಒಂದೆರಡು ಫೋಲ್ಡರುಗಳ ಹೆಸರನ್ನು ಒಂದೊಂದೇ ಅಕ್ಷರಕ್ಕೆ ಇಳಿಸಿ, ವಿಳಾಸ ಗಿಡ್ಡವಾಗುತ್ತದೆ, ಫೈಲ್ ಅಳಿಯುತ್ತದೆ. ಮೂರನೆಯ ಫೋಲ್ಡರ್ ಆಳದಲ್ಲಿದ್ದರೆ \\?\ ಬಳಸುವ ಮುನ್ನ ಇದನ್ನೇ ಮಾಡಿ ನೋಡಿ.

ನಿಮ್ಮ ಜಾಗದ ಕೊರತೆಯ ಸಂದರ್ಭದಲ್ಲಿ ಇನ್ನೊಂದು ಮಾತು. ಜಾಗ ಹುಡುಕುತ್ತಾ ಹೋದವರ ಕಣ್ಣು ಸಿ ಡ್ರೈವಿನ ದೊಡ್ಡ ಫೈಲುಗಳ ಮೇಲೆ ಬೀಳುತ್ತದೆ. ಹೈಬರ್‌ಫಿಲ್, ಪೇಜ್‌ಫೈಲ್ ಎಂಬ ಹೆಸರಿನವು ವಿಂಡೋಸ್ ಓಡುತ್ತಿರುವಷ್ಟೂ ಹೊತ್ತು ಬಳಕೆಯಲ್ಲಿರುವಂಥವು, ಅಳಿಯದಿರುವುದೇ ಸರಿ. ಹೈಬರ್‌ಫಿಲ್ ಬೇಡವಾದರೆ ಹೈಬರ್ನೇಟ್ ಸೌಲಭ್ಯವನ್ನು ಪವರ್‌ಸಿಎಫ್‌ಜಿ ಆದೇಶದಿಂದ ನಿಲ್ಲಿಸಿದಾಗ ಅದು ತಾನೇ ಹೋಗುತ್ತದೆ. ವಿಂಡೋಸ್ ಓಲ್ಡ್ ಎಂಬ ಫೋಲ್ಡರನ್ನು ಕೈಯಿಂದ ಅಳಿಸಲು ಗುದ್ದಾಡಬೇಡಿ, ಡಿಸ್ಕ್ ಕ್ಲೀನಪ್ ಅದನ್ನು ಅಚ್ಚುಕಟ್ಟಾಗಿ ತೆಗೆಯುತ್ತದೆ. ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರಿನಲ್ಲಿ ವಿಂಡೋಸಿನದೇ ಭಾಗಗಳಿರುತ್ತವೆ, ಅದನ್ನಂತೂ ಮುಟ್ಟಲೇಬೇಡಿ.

ಇನ್ನು ಬಲವಂತದ ದಾರಿಗಳು. ವಿಂಡೋಸಿಗೇ ಒಂದು ಸಭ್ಯವಾದ ಬಲವಂತ ಗೊತ್ತಿದೆ: ಫೈಲನ್ನು ಮುಂದಿನ ಆರಂಭದ ಹೊತ್ತಿಗೆ ಅಳಿಸು ಎಂದು ಬರೆದಿಟ್ಟರೆ, ಬೇರೆ ಯಾವ ಪ್ರೋಗ್ರಾಮೂ ಏಳುವ ಮುನ್ನ ಅದು ಅಳಿಸುತ್ತದೆ. ಸಿಸ್‌ಇಂಟರ್ನಲ್ಸಿನ ಮೂವ್‌ಫೈಲ್ ಈ ಕೋರಿಕೆಯನ್ನು ಬರೆದಿಡುವ ಸಾಧನ. ಹಾಗೆ ಬರೆದ ಮೇಲೆ ಮತ್ತೊಮ್ಮೆ ಕೇಳುವುದಿಲ್ಲ, ರೀಸೈಕಲ್ ಬಿನ್ನಿಗೂ ಹೋಗುವುದಿಲ್ಲ, ಆದ್ದರಿಂದ ವಿಳಾಸವನ್ನು ಖಾತ್ರಿ ಮಾಡಿಕೊಳ್ಳಿ. ಅದಕ್ಕಿಂತ ಮೊದಲು ಸೇಫ್ ಮೋಡ್ ಇದೆ. ಶಿಫ್ಟ್ ಕೀಲಿ ಒತ್ತಿಹಿಡಿದು ರೀಸ್ಟಾರ್ಟ್ ಒತ್ತಿದರೆ ಬರುವ ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂದು ಹೋಗಿ 4ನ್ನು ಆರಿಸಬೇಕು. ಹೊರಗಿನ ಬಹುತೇಕ ಪ್ರೋಗ್ರಾಮುಗಳು ಏಳದಿರುವುದರಿಂದ ಹಿಡಿದಿರುವವರು ಇರುವುದಿಲ್ಲ. ಆ ಪರದೆಗೆ ಹೋಗುವ ಮುನ್ನ ಒಂದು ಜಾಗ್ರತೆ ವಹಿಸಿ: ಹೊಸ ಕಂಪ್ಯೂಟರುಗಳಲ್ಲಿ ಬಿಟ್‌ಲಾಕರ್ ಗೂಢಲಿಪೀಕರಣ ನಿಮಗೆ ತಿಳಿಯದಂತೆ ಚಾಲ್ತಿಯಲ್ಲಿರಬಹುದು, ಆಗ 48 ಅಂಕಿಗಳ ರಿಕವರಿ ಕೀಲಿ ಕೇಳುವ ಸಾಧ್ಯತೆಯಿದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿದೆಯೇ ಎಂದು ಮೊದಲೇ ನೋಡಿ ಬರೆದಿಟ್ಟುಕೊಳ್ಳಿ. ಅದೇ ನೀಲಿ ಪರದೆಯಿಂದ ಕಮಾಂಡ್ ಪ್ರಾಂಪ್ಟ್ ತೆರೆದು ಅಳಿಸಲು ಹೊರಟರೆ ಡ್ರೈವುಗಳ ಅಕ್ಷರಗಳು ಅದಲುಬದಲಾಗಿರಬಹುದು. ನಿಮಗೆ ಡಿ ಆಗಿದ್ದದ್ದು ಅಲ್ಲಿ ಸಿ ಆಗಿರುವುದುಂಟು. ಒಳಗಿನ ಫೈಲುಗಳ ಪಟ್ಟಿ ನೋಡಿ ಇದೇ ನನ್ನ ಹಳೆಯ ಡಿಸ್ಕ್ ಎಂದು ಖಚಿತವಾಗದೆ ಏನನ್ನೂ ಅಳಿಸಬೇಡಿ.

ಪರಿಚಯದವರು ಹೇಳಿದ, ಎಂಥ ಫೈಲನ್ನಾದರೂ ಅಳಿಸುವ ಸಾಫ್ಟ್‌ವೇರ್ ಬಗ್ಗೆ ನನ್ನ ಉತ್ತರ ಬೇಡ ಎಂದೇ. ಅವುಗಳಲ್ಲಿ ಪ್ರಾಮಾಣಿಕವಾದವು ಮಾಡುವುದು ನಾನು ಮೇಲೆ ಹೇಳಿದ ಕೆಲಸಗಳನ್ನೇ: ಹಿಡಿತ ಕತ್ತರಿಸುವುದು, ಮಾಲೀಕತ್ವ ಬದಲಾಯಿಸುವುದು, ಮುಂದಿನ ಆರಂಭಕ್ಕೆ ಬರೆದಿಡುವುದು. ಕಾರಣ ಯಾವುದೆಂದು ಕೇಳದೆ ಎಲ್ಲವನ್ನೂ ಒಟ್ಟಿಗೆ ಮಾಡುತ್ತವೆ ಎಂಬುದೇ ಅವುಗಳ ದೋಷ. ಅಪ್ರಾಮಾಣಿಕವಾದವು ತಮ್ಮ ಜೊತೆಗೆ ಜಾಹೀರಾತು ತೋರಿಸುವ, ಬ್ರೌಸರಿನ ಮುಖಪುಟ ಬದಲಿಸುವ ಪ್ರೋಗ್ರಾಮುಗಳನ್ನು ತಂದು ಹಾಕುತ್ತವೆ. ಇಲ್ಲದ ವೈರಸ್ಸಿಗೆ ಹೆದರಿ ನಿಜವಾದದ್ದನ್ನು ಮನೆಗೆ ಕರೆತಂದಂತಾಗುತ್ತದೆ. ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಟ್ಟು ಓಡಿಸಬೇಕಾದ ಸಾಧನವನ್ನು ಮೈಕ್ರೋಸಾಫ್ಟಿನದೇ ತಾಣದಿಂದ ಪಡೆಯುವುದು ಕ್ಷೇಮ, ಮತ್ತು ನಿಮಗೆ ಬೇಕಾದದ್ದೆಲ್ಲ ಅಲ್ಲಿ ಉಚಿತವಾಗಿದೆ.

ಫಾರ್ಮ್ಯಾಟ್ ಮಾಡುವ ಸಲಹೆಗೂ ಇದೇ ಉತ್ತರ. ಮೂರು ವಸ್ತುಗಳನ್ನು ಅಳಿಸಲು ಗ್ರಾಹಕರ ಹಲವು ವರ್ಷಗಳ ಕೆಲಸವನ್ನು ಬಲಿಕೊಡುವ ಅಗತ್ಯ ಎಳ್ಳಷ್ಟೂ ಇಲ್ಲ. ಒಂದು ಸನ್ನಿವೇಶ ಮಾತ್ರ ನನ್ನನ್ನು ಯೋಚನೆಗೆ ಹಚ್ಚುತ್ತದೆ. ಆ ಡಿಸ್ಕ್ ಕೆಟ್ಟುಹೋದ ಕಂಪ್ಯೂಟರಿನಿಂದ ಬಂದದ್ದು, ವೀಡಿಯೊ ಅರ್ಧಕ್ಕೆ ನಕಲಾಗಿ ನಿಂತಿದೆ ಎಂದೂ ಹೇಳಿದ್ದೀರಿ. ನಕಲು ಏಕೆ ನಿಂತಿತು? ವಿದ್ಯುತ್ ಹೋಗಿದ್ದರಿಂದ ಆಗಿದ್ದರೆ ಚಿಂತೆಯಿಲ್ಲ. ಆದರೆ ಫೈಲ್ ಅಥವಾ ಫೋಲ್ಡರ್ ಕೆಟ್ಟಿದೆ, ಓದಲಾಗುತ್ತಿಲ್ಲ ಎಂಬ ಅರ್ಥದ ಸಂದೇಶವನ್ನು, ಅಥವಾ 0x80070570 ಎಂಬ ಸಂಖ್ಯೆಯನ್ನು ಎಲ್ಲಾದರೂ ಕಂಡಿದ್ದರೆ, ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ, ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ, ದಾಖಲೆ ಪಟ್ಟಿಯೇ ಹಾಳಾಗಿರುವ ಅಥವಾ ಡಿಸ್ಕ್ ಸಾಯುತ್ತಿರುವ ಸಾಧ್ಯತೆಯಿದೆ. ಆಗ ಅಳಿಸುವ ಯೋಚನೆಯನ್ನೇ ಬಿಟ್ಟು ಗ್ರಾಹಕರ ಕೆಲಸವನ್ನು ಮೊದಲು ಬೇರೆ ಡಿಸ್ಕಿಗೆ ನಕಲಿಸಿ. ಅತಿ ಮುಖ್ಯವಾದದ್ದು ಮೊದಲು, ವೀಡಿಯೊಗಳು ಕೊನೆಗೆ. ಪಟ್ಟಿಯನ್ನು ದುರಸ್ತಿ ಮಾಡುವ ಚೆಕ್‌ಡಿಸ್ಕ್ ಆದೇಶವನ್ನು ನಕಲು ಮುಗಿದ ಮೇಲೆ ಮಾತ್ರ ನಡೆಸಬೇಕು, ಏಕೆಂದರೆ ಅದು ಪಟ್ಟಿಯನ್ನು ಸರಿಪಡಿಸುವ ಭರದಲ್ಲಿ ಅರ್ಥವಾಗದ ನಮೂದುಗಳನ್ನು ತೆಗೆದುಹಾಕುತ್ತದೆ, ಸೊರಗಿದ ಡಿಸ್ಕಿಗೆ ಅದರ ಓಡಾಟವೇ ಕೊನೆಯ ಪೆಟ್ಟಾಗಬಹುದು. ನಕಲಿಸುವಾಗಲೇ ಡಿಸ್ಕ್ ಪದೇ ಪದೇ ಕಾಣೆಯಾಗುತ್ತಿದ್ದರೆ ಕಂಪ್ಯೂಟರನ್ನು ಆರಿಸಿ, ಅದನ್ನು ಕಳಚಿ, ಮಾಹಿತಿ ಮರಳಿ ಪಡೆಯುವ ಅನುಭವವಿರುವವರ ಕೈಗೆ ಕೊಡಿ. ಅಲ್ಲಿಯವರೆಗೆ ಅದಕ್ಕೆ ಮತ್ತೆ ವಿದ್ಯುತ್ ಕೊಡಬೇಡಿ.